ಅತ್ತೆಯನ್ನು ನಿಲ್ಲಿಸಿದವರು ಯಾರು?

"ಎಂದಿನ ಹಾಗೇನಾ ಸುಂದರಿ? ಎರಡು ಮೊಟ್ಟೆ ರೊಟ್ಟಿ, ಒಂದಕ್ಕೆ ಖಾರ ಬೇಡ?"

ತಿಂಡಿ ಗಾಡಿಯವಳ ಮಾತಿಗೆ ಯೀಜೆನ್ ತಲೆಯಾಡಿಸಿದಳು. ಪೊಟ್ಟಣ ಕೈಗೆ ಬಂದ ಮೇಲೆ ಅರಿವಾಯಿತು. ಖಾರವಿಲ್ಲದ ರೊಟ್ಟಿ ತಿನ್ನುವವನನ್ನು ಮೊನ್ನೆ ತಾನೇ ಚಿತೆಗೆ ಒಪ್ಪಿಸಿ ಬಂದಿದ್ದಾಳೆ.

ಅವಳು ಅಳಲಿಲ್ಲ. ಎರಡೂ ರೊಟ್ಟಿಗಳನ್ನು ಸ್ಕೂಟರಿಗೆ ನೇತುಹಾಕಿಕೊಂಡು ಶಿಂಚು ಊರಿನಲ್ಲಿ ಸದಾ ಬೀಸುವ ಆ ಹಾಳು ಗಾಳಿಯಲ್ಲಿ ಕೆಲಸಕ್ಕೆ ಹೋದಳು.

ಪ್ರಯೋಗಾಲಯದ ಬಾಗಿಲಲ್ಲಿ ಶಾವ್‌ಚಿ ನಿಂತಿದ್ದ. ಗಂಡ ಗ್ವಾನ್‌ಲಿನ್‌ನ ಜೀವದ ಗೆಳೆಯ. ಶವಯಾತ್ರೆಯಲ್ಲಿ ಮುಂದಿನ ಹೆಗಲು ಅವನದೇ.

"ಇವತ್ತೇ ಯಾಕೆ ಬಂದೆ?"

"ಮನೇಲಿ ಕೂತು ಏನ್ ಮಾಡ್ಲಿ?"

"ಬೇರೆ ಏನಾದ್ರೂ ಕೆಲಸ ಮಾಡು. ಆ ಸ್ನ್ಯಾಪ್‌ಶಾಟ್ ಟೆಸ್ಟ್ ಮತ್ತೆ ಮಾಡೋದು ಬೇಡ. ಗ್ವಾನ್‌ಲಿನ್ ಮುಗಿಸಿ ಹೋಗಿದ್ದಾನಲ್ಲ!"

ಅವನ ದನಿಯಲ್ಲಿ ಏನೋ ಇತ್ತು... ಭಯವೇ? ಯೀಜೆನ್ ಅವನನ್ನೇ ನೋಡಿದಳು. ಅವನು ಕಣ್ಣು ತಪ್ಪಿಸಿದ.

"ಫಾನ್ ಅಕ್ಕ ಹೇಳಿದ್ದಾರೆ. ಆಸ್ಪತ್ರೆಗೆ ಕಳಿಸೋ ಮುಂಚೆ ಇನ್ನೊಂದು ಸಲ ನೋಡ್ಬೇಕಂತೆ. ದಾರಿ ಬಿಡು."

ಅವನು ದಾರಿ ಬಿಟ್ಟ.

ಒಳಗೆ ಫಾನ್ ಅಕ್ಕ ಯಂತ್ರದ ತಲೆಯ ಮೇಲೆ ಕುರುಕಲು ತಿಂಡಿಯ ಹೊಸ ಹಸಿರು ಪೊಟ್ಟಣ ಇಡುತ್ತಿದ್ದರು. ಆ ಪೊಟ್ಟಣವಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂಬುದು ಅಲ್ಲಿನವರೆಲ್ಲರ ನಂಬಿಕೆ. ಹಸಿರೇ ಆಗಬೇಕು, ಅವಧಿ ಮೀರಿರಬಾರದು. ಬೇರೆ ಊರಿನ ಶಾಖೆಯಿಂದ ಈಚೆಗಷ್ಟೇ ಬಂದ ಮೇಲಧಿಕಾರಿಯಾದರೂ ಇದರಲ್ಲಿ ಅವರು ಬಲು ಕಟ್ಟುನಿಟ್ಟು.

ಅವರ ಕಣ್ಣು ಯೀಜೆನ್‌ಳ ಜಡೆಯಲ್ಲಿದ್ದ ಸೂತಕದ ಬಿಳಿ ಉಣ್ಣೆಹೂವಿನ ಮೇಲೆ ಒಂದು ಕ್ಷಣ ನಿಂತಿತು. ತೆಗೆ ಎನ್ನಲಿಲ್ಲ.

"ತಿಂದ್ಯೇನಮ್ಮ?"

"ತಿಂದೆ ಅಕ್ಕ."

ಸುಳ್ಳು. ರೊಟ್ಟಿಗಳು ಚೀಲದಲ್ಲೇ ತಣ್ಣಗಾಗುತ್ತಿದ್ದವು.

ಕೆಲಸ ಹೇಳಲು ಸುಲಭ. ಆಸ್ಪತ್ರೆಯ ಕಂಪ್ಯೂಟರಿಗೆ ಕ್ಷಣಕ್ಷಣವೂ ರೋಗಿಗಳ ಮಾಹಿತಿ ಬಂದು ಬೀಳುತ್ತಿರುತ್ತದೆ. ಅದರ ನಡುವೆಯೇ ಒಂದು ಕ್ಷಣದ ಪೂರ್ತಿ ಪ್ರತಿ ತೆಗೆದಿಡಬೇಕು. ಅದೇ ಸ್ನ್ಯಾಪ್‌ಶಾಟ್. ನಾಳೆ ಯಂತ್ರ ಕೆಟ್ಟರೆ ಆ ಕ್ಷಣಕ್ಕೆ ಮರಳಬಹುದು. ಆದರೆ ಪ್ರತಿ ತೆಗೆಯುವಾಗ ಯಂತ್ರ ಬರೆಯುವುದನ್ನು ತುಸು ತಡೆದು, ನೆನಪಿನಲ್ಲಿ ಹಿಡಿದದ್ದನ್ನೆಲ್ಲ ಡಿಸ್ಕಿಗೆ ಇಳಿಸಬೇಕು. ಒತ್ತಡ ಹೆಚ್ಚಾದರೆ ಇಳಿಸುವುದು ಮುಗಿಯುವ ಮೊದಲೇ ಪ್ರತಿ ಬಂದುಬಿಡುತ್ತದೆ, ಅರ್ಧ ಬರೆದ ಫೈಲುಗಳೊಂದಿಗೆ.

ಹಾಗಾಗುತ್ತದೋ ಇಲ್ಲವೋ ಎಂದು ನೋಡಲೆಂದೇ ಯೀಜೆನ್ ಒಂದು ಪ್ರೋಗ್ರಾಂ ಬರೆದಿದ್ದಳು. ಅದು ಯಂತ್ರಕ್ಕೆ ಕೂರಲು, ಉಸಿರಾಡಲು ಬಿಡದೆ ಕೆಲಸ ಹಚ್ಚುತ್ತಿತ್ತು. ಗ್ವಾನ್‌ಲಿನ್ ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟಿದ್ದ.

"ನಮ್ಮಮ್ಮನಿಗೆ ಹೇಳ್ಬೇಡ ಮಾರಾಯ್ತಿ, ನಿನ್ನ ಬಿಟ್ಟು ನನ್ನ ಹೊಡೀತಾಳೆ!" ಎಂದು ನಕ್ಕಿದ್ದ.

ಒಂದು ನಿಯಮವಿತ್ತು. ಅತ್ತೆಯನ್ನು ಓಡಿಸುವವರು ಒಬ್ಬರು, ಪ್ರತಿ ತೆಗೆಯುವವರು ಇನ್ನೊಬ್ಬರು. ಇಬ್ಬರೂ ತಮ್ಮ ತಮ್ಮ ಗುರುತಿನ ಕಾರ್ಡನ್ನು ಯಂತ್ರಕ್ಕೆ ತಾಗಿಸಬೇಕು. ವರದಿಯ ಪ್ರಕಾರ ಕಳೆದ ಸಲ ಅತ್ತೆಯ ಹೊಣೆ ಶಾವ್‌ಚಿಯದು, ಪ್ರತಿ ತೆಗೆಯುವುದು ಗ್ವಾನ್‌ಲಿನ್‌ನದು.

ಈ ಸಲ ಯೀಜೆನ್ ಅತ್ತೆಯನ್ನು ಓಡಿಸಿದಳು. ಫಾನ್ ಅಕ್ಕ ಪ್ರತಿ ತೆಗೆದರು.

ಪ್ರತಿ ತೆರೆದು ನೋಡಿದರೆ... ಹರಿದುಹೋಗಿತ್ತು! ರೋಗಿಯ ಹೆಸರಿದೆ, ರಕ್ತದ ಗುಂಪಿಲ್ಲ. ಔಷಧಿಯಿದೆ, ಪ್ರಮಾಣವಿಲ್ಲ.

"ಕಳೆದ ಸಲ ಪಾಸಾಗಿತ್ತಲ್ಲ?" ಫಾನ್ ಅಕ್ಕ ಮುಖ ಗಂಟಿಕ್ಕಿದರು.

ಯೀಜೆನ್ ಹಳೆಯ ಪರೀಕ್ಷೆಯ ದಾಖಲೆಯನ್ನು ತೆರೆದಳು. ಸರಿಯಾಗಿ ಪ್ರತಿ ತೆಗೆಯುವ ಹೊತ್ತಿಗೆ ಯಾರೋ ಅತ್ತೆಯನ್ನು ನಿಲ್ಲಿಸಿದ್ದರು. ಪ್ರತಿ ಬಂದ ಕೂಡಲೇ ಮತ್ತೆ ಓಡಿಸಿದ್ದರು. ಎರಡೂ ಸಲ ತಾಗಿಸಿದ್ದ ಕಾರ್ಡ್ ಶಾವ್‌ಚಿಯದು.

'ಮೋಸ! ನನ್ನ ಗಂಡ ನಂಬಿದ ಗೆಳೆಯ... ಅವನ ಕೊನೆಯ ಕೆಲಸದಲ್ಲೇ ಮೋಸ!'

ದಿನಗಟ್ಟಲೆ ಮರಗಟ್ಟಿದ್ದ ಎದೆಯೊಳಗೆ ಮೊದಲ ಬಾರಿಗೆ ಏನೋ ಉರಿಯಿತು.

"ಶಾವ್‌ಚಿ! ಒಳಗೆ ಬಾ. ಇದೇನು ಹೇಳು."

ಅವನು ಪರದೆಯನ್ನು ನೋಡಿದ. ಆಶ್ಚರ್ಯಪಡಲಿಲ್ಲ. ಅದೇ ಅವಳನ್ನು ಇನ್ನಷ್ಟು ಚುಚ್ಚಿತು.

"ನೀನೇ ನಿಲ್ಲಿಸಿದ್ಯಾ?"

"...ಹೌದು."

"ಯಾಕೆ?"

"ಬೇಗ ಮುಗೀಲಿ ಅಂತ."

"ಬೇಗ ಮುಗೀಲಿ ಅಂತಾನಾ? ಅವನ ಹೆಗಲ ಮೇಲೆ ಕೈ ಹಾಕ್ಕೊಂಡು ತಿರುಗಿದ್ಯಲ್ಲೋ! ಅವನ ಹೆಣ ಹೊರುವಾಗ್ಲೂ ನಾಚಿಕೆ ಆಗ್ಲಿಲ್ವಾ ನಿಂಗೆ?"

ಶಾವ್‌ಚಿ ತಲೆ ತಗ್ಗಿಸಿ ನಿಂತ.

ಫಾನ್ ಅಕ್ಕ ನಿಧಾನವಾಗಿ ಎದ್ದರು. "ಆಸ್ಪತ್ರೆಗೆ ಕಳಿಸೋದನ್ನ ನಿಲ್ಲಿಸ್ತೀನಿ. ನೀನು ಮಧ್ಯಾಹ್ನ ಮೇಲಿನವರ ಮುಂದೆ ಇದನ್ನೇ ಹೇಳ್ಬೇಕಾಗುತ್ತೆ ಶಾವ್‌ಚಿ. ಕೆಲಸ ಉಳಿಯಲ್ಲ, ಗೊತ್ತಲ್ಲ?"

"ಗೊತ್ತು ಅಕ್ಕ."

ಊಟದ ಹೊತ್ತು. ಎಲ್ಲರೂ ಕೆಳಗೆ ಹೋದರು. ಯೀಜೆನ್ ಗ್ವಾನ್‌ಲಿನ್‌ನ ಮೇಜು ಖಾಲಿ ಮಾಡಲು ಕುಳಿತಳು.

ಚಹಾದ ಡಬ್ಬಿ. ಕೊರಳಿಗೆ ಕಟ್ಟುವ ನೋವಿನ ಪಟ್ಟಿ. ಇಬ್ಬರೂ ಪೆಂಗ್‌ಹು ದ್ವೀಪಕ್ಕೆ ಹೋಗಿದ್ದಾಗ ಆಯ್ದ ಒಂದು ಹವಳದ ಚೂರು. ಅದರಡಿಯಲ್ಲಿ... ಶಾವ್‌ಚಿಯ ಗುರುತಿನ ಕಾರ್ಡ್.

ಇದು ಇಲ್ಲೇಕೆ?

ಅವಳು ದಾಖಲೆಯ ದಿನಾಂಕವನ್ನು ಮತ್ತೆ ನೋಡಿದಳು.

ಆ ವಾರ ಶಾವ್‌ಚಿ ಊರಲ್ಲೇ ಇರಲಿಲ್ಲ! ಮೀಸಲು ಸೈನಿಕರ ತರಬೇತಿಗೆ ಕರೆ ಬಂದು ಹುಕೋವು ಶಿಬಿರಕ್ಕೆ ಹೋಗಿದ್ದ. ರೈಲು ನಿಲ್ದಾಣಕ್ಕೆ ಬಿಟ್ಟು ಬಂದವರೇ ಅವಳು ಮತ್ತು ಗ್ವಾನ್‌ಲಿನ್. ಹಳೆಯ ಸಮವಸ್ತ್ರದ ಪ್ಯಾಂಟಿನ ಗುಂಡಿ ಕೂರದೆ ಅವನು ಪರದಾಡಿದ್ದ. "ಶತ್ರು ಬಂದ್ರೆ ಹೊಟ್ಟೆ ತೋರ್ಸು, ಓಡಿಹೋಗ್ತಾನೆ!" ಎಂದು ಗ್ವಾನ್‌ಲಿನ್ ರೇಗಿಸಿದ್ದ. ಮೂವರೂ ನಕ್ಕಿದ್ದರು.

ಅದೇ ವಾರ ಒಂದು ಸಂಜೆ ಗ್ವಾನ್‌ಲಿನ್ ಮನೆಗೆ ಬಂದವನೇ ಅವಳನ್ನು ಎತ್ತಿ ತಿರುಗಿಸಿದ್ದ.

"ಟೆಸ್ಟ್ ಪಾಸಾಯ್ತು! ರಜಾನೂ ಸಿಕ್ತು! ಪೆಂಗ್‌ಹುಗೆ ಹೋಗೋಣ ನಡಿ!"

"ಅತ್ತೆ ಓಡ್ತಿದ್ಲು ತಾನೇ?" ಎಂದು ಅವಳು ಕೇಳಿದ್ದಳು.

"ಓಡ್ತಿದ್ಲು, ಓಡ್ತಿದ್ಲು. ನಿನ್ನಾಣೆ."

ನಿನ್ನಾಣೆ...

ಆ ಸಮುದ್ರ, ಆ ನಗು, ಒಂದೇ ಚಾಪೆಯ ಮೇಲೆ ಕೂತು ತಿಂದ ಸುಟ್ಟ ಮೀನು. ಅಲ್ಲಿಂದ ಬಂದ ಮರುವಾರವೇ ಸ್ಕೂಟರ್ ಅಪಘಾತ. ಗಂಡನೊಂದಿಗೆ ಕಳೆದ ಅತ್ಯಂತ ಒಳ್ಳೆಯ ದಿನಗಳು ಅವು ಎಂದು ಚಿತೆಯ ಮುಂದೆಯೂ ಅಂದುಕೊಂಡಿದ್ದಳು.

ಸುಳ್ಳಿನಿಂದ ಕೊಂಡ ದಿನಗಳು! ಸತ್ತವನ ಜತೆ ಜಗಳವಾಡುವುದು ಹೇಗೆ?

ಈ ಕಾರ್ಡನ್ನು ಡ್ರಾಯರಿನಲ್ಲೇ ಮುಚ್ಚಿಟ್ಟರೆ ಗ್ವಾನ್‌ಲಿನ್ ಒಳ್ಳೆಯವನಾಗಿಯೇ ಉಳಿಯುತ್ತಾನೆ. ಅತ್ತೆ ಮಾವ ಅವನ ಫೋಟೊ ಮುಂದೆ ಧೂಪ ಹಚ್ಚಿ ತಲೆ ಎತ್ತಿ ನಿಲ್ಲಬಹುದು. ಅವಳಿಗೂ ಆ ಸಮುದ್ರ ಉಳಿಯುತ್ತದೆ. ಹೋಗುವುದು ಶಾವ್‌ಚಿಯ ಕೆಲಸ ಒಂದೇ. ಅವನೂ ಒಪ್ಪಿಕೊಂಡಾಗಿದೆ...

ಯೀಜೆನ್ ಕಾರ್ಡನ್ನು ಜೇಬಿಗೆ ಹಾಕಿಕೊಂಡಳು. ಆಮೇಲೆ ಎದ್ದು ಫಾನ್ ಅಕ್ಕನ ಕೋಣೆಗೆ ಹೋದಳು.

"ಅಕ್ಕ, ಅತ್ತೆಯನ್ನ ನಿಲ್ಲಿಸಿದ್ದು ಶಾವ್‌ಚಿ ಅಲ್ಲ. ಆ ವಾರ ಅವನು ಶಿಬಿರದಲ್ಲಿದ್ದ. ರಜೆಯ ದಾಖಲೆ ನೋಡಿ." ಅವಳು ಕಾರ್ಡನ್ನು ಎತ್ತಿ ತೋರಿಸಿದಳು. "ನಿಲ್ಲಿಸಿದ್ದು ನನ್ನ ಗಂಡ."

ಫಾನ್ ಅಕ್ಕ ದಾಖಲೆ ನೋಡಿದರು. ಆಮೇಲೆ ಅವಳನ್ನು.

"ಇದನ್ನ ನೀನು ಹೇಳಲೇಬೇಕು ಅಂತ ಇರ್ಲಿಲ್ಲ ಮಗಳೇ."

"ಇತ್ತು ಅಕ್ಕ."

ಶಾವ್‌ಚಿ ಸ್ಕೂಟರುಗಳ ಶೆಡ್ಡಿನಲ್ಲಿದ್ದ. ಮಧ್ಯಾಹ್ನದ ಗಾಳಿಗೆ ತಗಡು ಬಡಿದುಕೊಳ್ಳುತ್ತಿತ್ತು. ಅವಳನ್ನು ಕಂಡು ಎದ್ದು ನಿಂತ.

"ಹೇಳಿಬಿಟ್ಟೆ," ಎಂದಳು.

ಅವನಿಗೆ ಅರ್ಥವಾಯಿತು. "ಅಯ್ಯೋ ಯೀಜೆನ್! ಯಾಕೆ? ನಂಗೆ ಇನ್ನೊಂದು ಕೆಲಸ ಸಿಗ್ತಿತ್ತು. ಅವನ ಹೆಸರು..."

"ಅವನು ಸುಳ್ಳು ಹೇಳಿದ. ನೀನೂ ಹೇಳಿದೆ. ಇಬ್ಬರೂ ಸೇರಿ ನನ್ನ ಏನಂದ್ಕೊಂಡಿದ್ರಿ? ಕಾರ್ಡ್ ಯಾಕೆ ಕೊಟ್ಟೆ ಅವನಿಗೆ?"

"ಸುಮ್ನೆ ಇರ್ಲಿ ಕೊಡು ಅಂದ. ಕೊಟ್ಟೆ. ವಾಪಸ್ ಬಂದ ಮೇಲೆ ದಾಖಲೆ ನೋಡಿ ಗೊತ್ತಾಯ್ತು. 'ಆಸ್ಪತ್ರೆಗೆ ಹೋಗೋ ಮುಂಚೆ ಸರಿ ಮಾಡ್ತೀನಿ' ಅಂದಿದ್ದ. ಅಷ್ಟರಲ್ಲಿ..."

"ಬೆಳಗ್ಗೆ ನಾನು ಅಷ್ಟೆಲ್ಲ ಬೈದಾಗ್ಲಾದ್ರೂ ಹೇಳ್ಬಹುದಿತ್ತಲ್ಲ!"

"ಅಳೋದಾದ್ರೂ ನೆಮ್ಮದಿಯಾಗಿ ಅಳ್ಲಿ ಅಂತ ಸುಮ್ಮನಿದ್ದೆ." ಅವನು ನೆಲ ನೋಡಿದ. "ನೀನು ನನ್ನ ಬೈದ್ರೆ ತಡ್ಕೋಬಹುದು. ಅವನನ್ನ ಬೈಯೋ ಹಾಗಾದ್ರೆ ನೀನು ಮುರಿದುಹೋಗ್ತೀಯ. ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ಯಾವತ್ತೂ ಆಗಿಲ್ಲ."

ಯಾವತ್ತೂ ಆಗಿಲ್ಲ... ಆ ಮಾತಿನ ಆಳ ಅವಳಿಗೆ ತಿಳಿಯಿತು. ಕಣ್ಣು ತುಂಬಿತು. ಇಷ್ಟು ದಿನ ಬಾರದ ಕಣ್ಣೀರು, ಈ ತಗಡಿನ ಶೆಡ್ಡಿನಲ್ಲಿ, ಯಾರಿಗಾಗಿ ಎಂದೂ ತಿಳಿಯದೆ ಹರಿಯಿತು.

ಅವನು ಕೈ ಚಾಚಿದ, ಅರ್ಧಕ್ಕೇ ನಿಲ್ಲಿಸಿದ.

"ಆ ಮಾತಿನ ಉಳಿದದ್ದನ್ನ ಇವತ್ತು ಹೇಳ್ಬೇಡ," ಎಂದಳು ಅವಳು. "ಆದ್ರೆ ಇನ್ಮೇಲೆ ನನ್ನ ಒಳ್ಳೇದಕ್ಕೆ ಅಂತ ಸುಳ್ಳು ಹೇಳ್ಬೇಡ."

"ಹೇಳಲ್ಲ."

"ಯೂನಿವರ್ಸಿಟಿ ಓದಿದ ಹೆಣ್ಣು, ಮುರಿದ್ರೆ ಜೋಡಿಸ್ಕೊಳ್ಳೋಕೂ ಬರುತ್ತೆ ನಂಗೆ."

ಅವನು ನಕ್ಕ. ನಗುತ್ತಲೇ ಮುಖ ಒರೆಸಿಕೊಂಡ.

"ಕಾರ್ಡ್ ಕೊಟ್ಟಿದ್ದಕ್ಕೆ ನಿಂಗೆ ಎಚ್ಚರಿಕೆ ಪತ್ರ ಬರುತ್ತಂತೆ. ಅಷ್ಟೇ. ನಾಳೆ ಮತ್ತೆ ಟೆಸ್ಟ್. ನಾನು ಪ್ರತಿ ತೆಗೀತೀನಿ, ನೀನು ಅತ್ತೆಯನ್ನ ಓಡಿಸ್ಬೇಕು."

"ಮತ್ತೆ ಹರಿದುಹೋದ್ರೆ?"

"ಹರೀಲಿ. ಎಲ್ಲಿ ಹರಿಯುತ್ತೆ ಅಂತ ನೋಡ್ಬೇಕು. ನಾನು ಬೇಡ್ಕೊಂಡ್ರೂ ನಿಲ್ಲಿಸ್ಬೇಡ."

"ನಿಲ್ಲಿಸಲ್ಲ ಯೀಜೆನ್."

ಅವಳು ಕಾರ್ಡನ್ನು ತೋಳಿನ ಬಟ್ಟೆಗೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ಗ್ವಾನ್‌ಲಿನ್ ತಗೊಂಡಿದ್ದ. ವಾಪಸ್ ಕೊಡ್ತಿದ್ದೀನಿ."

ಶಾವ್‌ಚಿಯೂ ಎರಡೂ ಕೈಯಲ್ಲಿ ತೆಗೆದುಕೊಂಡ.