ತೆರಕಣಾಂಬಿಯ ನೈಬರ್

ನನ್ನ ಮೊಮ್ಮಗಳು ಮಾನಸ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಾಳೆ. ಅಂದು ಮಧ್ಯಾಹ್ನ ನಾನು ಅವಳ ಕೋಣೆಯಲ್ಲೇ ಕುಳಿತಿದ್ದೆ. ಎಸಿಯ ಚಳಿಗೆಂದು ತನ್ನ ದುಪಟ್ಟಾ ಹೊದಿಸಿದ್ದಳು. ಸಂಜೆಯೊಳಗೆ ತೆರಕಣಾಂಬಿಯ ಗೋದಾಮಿಗೆ ಸಂಪರ್ಕ ಕೊಟ್ಟರೆ ಅವಳ ಕೆಲಸ ಕಾಯಂ. ಎರಡೂ ಕಡೆಯ ರೌಟರುಗಳಿಗೆ ಒಂದಕ್ಕೊಂದು ನೈಬರ್ ಎಂದು ಗುರುತು ಹೇಳಿ, ಒಂದೇ ಪಾಸ್‌ವರ್ಡ್ ಕೊಟ್ಟರಷ್ಟೇ ಅವುಗಳ ನಡುವಿನ ಮಾತುಕತೆ, ಅಂದರೆ ಸೆಷನ್, ಶುರುವಾಗುತ್ತದಂತೆ.

ಇಲ್ಲಿಯ ರೌಟರಿನ ಕೆಲಸ ಮುಗಿಯುತ್ತಲೇ ಸೆಷನ್ ಶುರುವಾಯಿತು.

"ಗೆದ್ಬುಟ್ಟೆ ಕಣಮ್ಮಿ!" ಎಂದರು ಮ್ಯಾನೇಜರ್ ಮಾದೇಶ್.

ಆ ಕಡೆಯ ರೌಟರ್ ಜೋಡಿಸಬೇಕಿದ್ದ ಗೋದಾಮಿನ ಮಹಬೂಬ್‌ಗೆ ಮಾನಸ ಫೋನ್ ಮಾಡಿದಳು. "ಮಹಬೂಬಣ್ಣ, ಇಷ್ಟ್ ಬೇಗ ಹೆಂಗ್ ಮಾಡ್ಬುಟ್ರಿ?"

"ತಮಾಸೆ ಮಾಡ್ತೀಯಾ ತಾಯಿ? ರೌಟರ್ ಡಬ್ಬದ ಸೀಲೇ ಇನ್ನೂ ಒಡ್ದಿಲ್ಲ!"

ಅವಳು ಯಾರಿಗೂ ಹೇಳದೆ ಪಾಸ್‌ವರ್ಡ್ ಬದಲಿಸಿದಳು. ಸೆಷನ್ ಬಿದ್ದುಹೋಯಿತು. ನಾನು ಉಸಿರು ಬಿಡುವಷ್ಟರಲ್ಲಿ, ಆ ಕಡೆಗೂ ಹೊಸ ಪಾಸ್‌ವರ್ಡ್ ಗೊತ್ತಾದಂತೆ, ಮತ್ತೆ ಎದ್ದಿತು. ಕೋಣೆ ಇನ್ನಷ್ಟು ತಣ್ಣಗಾಯಿತು.

"ಹೆಂಗೋ ಆಯ್ತಲ್ಲ, ಸುಮ್ಕಿರು," ಎಂದರು ಮಾದೇಶ್, ದನಿ ತಗ್ಗಿಸಿ.

"ಇದು ನಾನ್ ಮಾಡಿದ್ದಲ್ಲ ಸಾರ್." ಮಾನಸ ಆ ನೈಬರನ್ನೇ ಅಳಿಸಿಹಾಕಿದಳು. ಗೋದಾಮಿನ ಆ ರೌಟರನ್ನು ನಂಬಲಾಗದೆ ಹೊಸದು ತರಿಸಬೇಕಾಗಿ ಬಂದು ಕಾಯಮಾತಿ ಮುಂದಕ್ಕೆ ಹೋಯಿತು. ನನಗೋ ಅವಳ ಮೇಲೆ ಅಂದಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಸಂಜೆ ಮಹಬೂಬ್ ಡಬ್ಬದ ಸೀಲು ಒಡೆದಾಗ, ಕರೆಂಟನ್ನೇ ಕಾಣದ ಆ ರೌಟರ್ ಕೈ ಸುಡುವಷ್ಟು ಬಿಸಿಯಾಗಿತ್ತು.