ಹೊಳೆಮಡುವಿನ ಸುಟ್ಟ ಕಾಯಿಲ್‌ಗಳು

ಪುಷ್ಪ ಬಂದು ಜಗಲಿಯ ಕೆಳಗೆ ನಿಂತಾಗ ದೇವಣ್ಣ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಜೀವಮಾನವೆಲ್ಲ ರೇಷ್ಮೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದುಡಿದವನಿಗೆ ಕೊನೆಗೆ ಉಳಿದ ಆಸ್ತಿ ಆ ನೋವೊಂದೇ. ಪಕ್ಕದ ಮನೆಯ ಶಿವರುದ್ರಸ್ವಾಮಿ ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಕೊಳ್ಳೇಗಾಲಕ್ಕೆ ಬಂದು ನೆಲೆಸಿದ ಮೇಲೆ ಆ ಮಂಡಿಗೂ ಬಿಡುವಿರಲಿಲ್ಲ. ಊರಲ್ಲಿ ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಜನ ಬರುತ್ತಿದ್ದುದು ಅವರ ಜಗಲಿಗೆ. ಪತ್ತೆ ಮಾಡುವವರು ಅವರು, ಸ್ಕೂಟರ್ ಓಡಿಸುವವನು ದೇವಣ್ಣ.

"ಸಾ, ನನ್ ಗಂಡನ್ನ ದ್ರೋಹಿ ಅಂತಾವ್ರೆ," ಎಂದಳು ಪುಷ್ಪ. "ಇವತ್ತು ಸಂಜೆ ಊರೋರ ಮುಂದೆ ಕೆಲ್ಸದಿಂದ ಕಿತ್ತಾಕಿ, ಸ್ಟೇಷನ್‌ಗೆ ಕಂಪ್ಲೇಂಟ್ ಕೊಡ್ತಾರಂತೆ. ನೀವು ಬರ್ಲೇಬೇಕು."

ಅವಳ ಗಂಡ ಮುನಿಯ ಯಳಂದೂರು ಕಡೆಯ ಬೆಟ್ಟದವನು. ಹೊಳೆಮಡು ಕಡವಿನಲ್ಲಿ ಶಿವಪ್ರಕಾಶನ ಮೋಟಾರು ದೋಣಿ ಬಿಡುತ್ತಿದ್ದ. ಮೋಟಾರು ಬಲು ಹಳೆಯದು. ಬ್ಯಾಟರಿಯ ಕರೆಂಟು ಹಿಡಿದು ಕಿಡಿ ಹಾರಿಸುವ ಕಾಯಿಲ್ ಅದರಲ್ಲಿ ಮೇಲಿಂದ ಮೇಲೆ ಸುಡುತ್ತಿತ್ತು. ಮೊನ್ನೆ ಮಂಗಳವಾರವಂತೂ ನಡುಹೊಳೆಯಲ್ಲಿ ಎಂಜಿನ್ ನಿಂತು, ಹಾಲಿನ ಕ್ಯಾನುಗಳ ಜೊತೆ ಹೆಂಗಸರು ಮಕ್ಕಳನ್ನು ಹೊತ್ತ ದೋಣಿ ಬಂಡೆಗಳ ಕಡೆಗೆ ತೇಲಿತ್ತು. ಮುನಿಯ ಹಗ್ಗ ಹಿಡಿದು ನೀರಿಗೆ ಹಾರಿ ದಡಕ್ಕೆ ಎಳೆದ. ಆಚೆ ದಡದ ಮಧು ಹೊಸ ದೋಣಿ ತಂದಿದ್ದ. ಅವನ ಕೈಯಲ್ಲಿ ಕಾಸು ತಿಂದು ಮುನಿಯನೇ ಬೇಕೆಂದು ಎಂಜಿನ್ ಸುಡುತ್ತಿದ್ದಾನೆ ಎಂಬುದು ಶಿವಪ್ರಕಾಶನ ದೂರು.

"ಹೋಗೋಣ ಕಣೋ ದೇವಣ್ಣ," ಎಂದರು ಶಿವರುದ್ರಸ್ವಾಮಿ, ಆಕಳಿಸುತ್ತ.

"ನನಗೇನು, ಮಂಡಿ ನಿಮ್ಮದೇ ತಾನೇ," ಎಂದು ಗೊಣಗಿದ ದೇವಣ್ಣ ಸ್ಕೂಟರಿಗೆ ಕೀ ಹಾಕಿದ.

ಅವರು ಕಡವು ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ದೋಣಿ ದಡದಲ್ಲಿತ್ತು. ಹಿಂದುಗಡೆಯ ಮೋಟಾರು ತಲೆಯನ್ನು ದೋಣಿಯೊಳಕ್ಕೆ ಬಾಗಿಸಿ, ಫ್ಯಾನನ್ನು ನೀರಿನಿಂದ ಮೇಲೆತ್ತಿಕೊಂಡು ನಿಂತಿತ್ತು. ಮುನಿಯ ಹಗ್ಗ ಎಳೆದು ಊದಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ.

"ಯಾವಾಗಲೂ ಹೀಗೆ ಎತ್ತಿಡ್ತೀಯಾ?" ಎಂದು ಕೇಳಿದರು ಶಿವರುದ್ರಸ್ವಾಮಿ.

"ದಡುಕ್ಕೆ ಬಂದ್ಮೇಲೆ ಎತ್ತಿ ಮಡಗ್ತೀನಿ ಸಾ. ಇಲ್ದಿದ್ರೆ ಫ್ಯಾನು ಕಲ್ಲಿಗೆ ಬಡೀತದೆ. ಓಗೋವಾಗ ಇಳಿಸ್ತೀನಿ."

"ಕೆಡೋ ದಿನ ಏನಾದರೂ ಬೇರೆ ಥರ ಇರುತ್ತಾ?"

ಮುನಿಯ ಯೋಚಿಸಿದ. "ಕೆಟ್ಟಾಗ್ಲೆಲ್ಲ ಮಂಗಳವಾರ್ವೇ ಸಾ. ಅವತ್ತು ಬೆಳಿಗ್ಗೆ ಬ್ಯಾಟ್ರಿ ಸತ್ತಂಗಿರ್ತದೆ. ಅಗ್ಗ ಎಳ್ದು ಎಳ್ದು ಸ್ಟಾರ್ಟ್ ಮಾಡ್ಬೇಕು. ಆಮೇಲೆ ನಡುನೀರ್ಗೆ ಓದ್ಮೇಲೆ ನಿಂತೋಯ್ತದೆ."

ಶಿವಪ್ರಕಾಶ ಸಿಡುಕುತ್ತಲೇ ಬಂದ. ಹೊಸ ಕಾಯಿಲನ್ನು ತಾನೇ ಹಾಕಿದ್ದಾನಂತೆ, ಇನ್ನು ಮುನಿಯ ಮುಟ್ಟಕೂಡದಂತೆ. ಶಿವರುದ್ರಸ್ವಾಮಿ ಮೋಟಾರಿನ ಮುಚ್ಚಳ ತೆಗೆಸಿದರು. ಸುಟ್ಟ ಕಾಯಿಲ್‌ಗಳ ಒಳಗೆ ತುಂಬಿದ್ದ ಟಾರು ಕರಗಿ ಎಂಜಿನ್ ಮೇಲೆ ಇಳಿದು ಗಟ್ಟಿಯಾಗಿತ್ತು. ಅವರು ಅದರ ಜಾಡನ್ನು ಬೆರಳಲ್ಲಿ ಸವರಿ, "ದೇವಣ್ಣ, ಇದು ಯಾವ ಕಡೆಗೆ ಹರಿದಿದೆ ನೋಡು," ಎಂದರು.

"ದೋಣಿ ಕಡೆಗೆ," ಎಂದ ದೇವಣ್ಣ. ಅದರಲ್ಲೇನು ವಿಶೇಷವೆಂದು ಅವನಿಗೆ ತಿಳಿಯಲಿಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು.

ದೋಣಿಯ ಮುಂಭಾಗದಲ್ಲಿ ಮಾದಪ್ಪನ ಪಟವಿತ್ತು. ಅದರ ಮೇಲೊಂದು ಪುಟ್ಟ ಬಲ್ಬು, ಕೆಳಗೆ ಬಾಡಿದ ಮಲ್ಲಿಗೆ. "ಮೊದಲು ಎಣ್ಣೆದೀಪ ಇಡ್ತಿದ್ರು," ಎಂದ ಶಿವಪ್ರಕಾಶ. "ಪೆಟ್ರೋಲ್ ಇರೋ ಜಾಗ, ನಾನೇ ಬೇಡ ಅಂತ ಬಲ್ಬ್ ಹಾಕಿಸ್ದೆ."

"ಹೂವು ಇಡೋರು ಯಾರು?"

"ಗೊತ್ತಿಲ್ಲ ಸಾ," ಎಂದ ಮುನಿಯ. "ಮಂಗಳವಾರ ಬಂದ್ ನೋಡಿದ್ರೆ ಇಟ್ಟಿರ್ತದೆ."

ಶಿವರುದ್ರಸ್ವಾಮಿ ಕೀ ತಿರುಗಿಸಿದರು. ಬಲ್ಬು ಹತ್ತಿತು. ಆರಿಸಿ, ಕೀಯನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಅದರ ಸಂದಿನಲ್ಲಿ ವಿಭೂತಿ ಮೆತ್ತಿತ್ತು. ಸಂಜೆ ಕೆಲಸ ಮುಗಿದ ಮೇಲೆ ಮುನಿಯ ಅದನ್ನು ಮಾಲೀಕರ ಮನೆಗೆ ಕೊಟ್ಟು ಹೋಗುತ್ತಾನೆ, ದೇವರ ಮನೆಯ ಮೊಳೆಗೆ ನೇತುಹಾಕುತ್ತೇವೆ ಎಂದು ಶಿವಪ್ರಕಾಶ ಹೇಳಿದ. ಬೇರೆ ಕೀ ಇರಲಿಲ್ಲ.

ಶಿವರುದ್ರಸ್ವಾಮಿಯವರ ಮುಖ ಇನ್ನಷ್ಟು ಸೋತಂತೆ ಕಂಡಿತು. ಕಳ್ಳ ಸಿಕ್ಕಾಗ ಅವರು ಹಾಗಿರುತ್ತಿರಲಿಲ್ಲ.

ಸಂಜೆ ಹೊಂಗೆಮರದ ಕೆಳಗೆ ಊರೇ ಸೇರಿತು. ಮಧು ದೂರ ನಿಂತಿದ್ದ. ಶಿವಪ್ರಕಾಶನ ತಾಯಿ ಚನ್ನಾಜಮ್ಮ ಹಣೆತುಂಬ ವಿಭೂತಿ ಧರಿಸಿ ಮುಂದುಗಡೆ ಕುಳಿತಿದ್ದರು. ಶಿವರುದ್ರಸ್ವಾಮಿ ಮೊದಲು ದೋಣಿಗೆ ಹತ್ತಿ ಕೀ ತಿರುಗಿಸಿದರು. ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಕಾಫಿ ತರಿಸಿ ನಿಧಾನವಾಗಿ ಕುಡಿದರು. ಜನ ಗುಸುಗುಸು ಶುರುಮಾಡಿದರು.

"ಶಿವಪ್ರಕಾಶ್, ಈಗ ಕಾಯಿಲ್ ಮುಟ್ಟಿ ನೋಡಪ್ಪಾ."

ಅವನು ಮುಟ್ಟಿ ಫಕ್ಕನೆ ಕೈ ಹಿಂತೆಗೆದ. "ಕಾದ ಹೆಂಚಿನಂಗಿದೆ!"

"ಎಂಜಿನ್ ಒಂದು ಸುತ್ತೂ ತಿರುಗಿಲ್ಲ," ಎನ್ನುತ್ತ ಶಿವರುದ್ರಸ್ವಾಮಿ ಕೀಯನ್ನು ಹಿಂದಕ್ಕೆ ತಿರುಗಿಸಿದರು. "ಇದರೊಳಗೆ ಪಾಯಿಂಟ್ ಅಂತಿದೆ. ಎಂಜಿನ್ ಓಡುವಾಗ ಅದು ಕೂಡಿ ಬಿಟ್ಟು, ಕೂಡಿ ಬಿಟ್ಟು ಕಿಡಿ ಕೊಡುತ್ತೆ, ಕಾಯಿಲ್‌ಗೆ ಉಸಿರಾಡೋಕೆ ಬಿಡುವಿರುತ್ತೆ. ಕೂಡಿಕೊಂಡೇ ನಿಂತಿದ್ದಾಗ ಯಾರಾದರೂ ಕೀ ತಿರುಗಿಸಿಬಿಟ್ಟರೆ ಕರೆಂಟ್ ಸುಮ್ಮನೆ ಹರಿದು ಕಾಯಿಲ್ ಬೇಯುತ್ತೆ. ಬೆಂದ ಕಾಯಿಲ್ ಬೆಳಿಗ್ಗೆ ತಣ್ಣಗಿದ್ದಾಗ ಹೇಗೋ ಕಿಡಿ ಕೊಟ್ಟು, ಎಂಜಿನ್ ಓಡಿ ಕಾದ ಮೇಲೆ ಕೈಕೊಡುತ್ತೆ. ನಮ್ಮ ಜೀಪಿಂದೂ ಹಿಂಗೇ ಒಮ್ಮೆ ಸುಟ್ಟಿತ್ತು. ಈಗ ಕೂಡಿಕೊಂಡಿರೋದು ನೋಡೇ ಕೀ ತಿರುಗಿಸಿದೆ. ಪಾಯಿಂಟ್ ಬಿಟ್ಟುಕೊಂಡು ನಿಂತ ದಿನ ಏನೂ ಆಗಲ್ಲ. ಅದಕ್ಕೇ ಎಲ್ಲ ವಾರವೂ ಕೆಡಲಿಲ್ಲ."

"ಆ ಕೀ ತಿರುಗಿಸಿದೋನು ಇವನೇ!" ಎಂದ ಶಿವಪ್ರಕಾಶ.

"ತಾಳು. ದೋಣಿ ಓಡುವಾಗ ಮೋಟಾರು ನೆಟ್ಟಗಿರುತ್ತೆ. ಆಗ ಟಾರು ಕರಗಿದರೆ ನೇರ ಕೆಳಗೆ ಇಳಿಯಬೇಕು. ಇದು ದೋಣಿ ಕಡೆಗೆ ಹರಿದಿದೆ. ಅಂದರೆ ಮೋಟಾರನ್ನ ಎತ್ತಿಟ್ಟಿದ್ದಾಗ, ದೋಣಿ ದಡದಲ್ಲಿದ್ದಾಗ ಸುಟ್ಟಿದೆ. ಬ್ಯಾಟರಿ ಇಳಿಯುತ್ತಿದ್ದದ್ದು ಮಂಗಳವಾರದ ಬೆಳಿಗ್ಗೆ, ಅಂದರೆ ಕೀ ತಿರುಗಿಸಿಬಿಟ್ಟದ್ದು ಸೋಮವಾರ ಸಂಜೆ. ಆಗ ಕೀ ಮುನಿಯನ ಹತ್ತಿರ ಇರಲ್ಲ. ಮಧು ಹತ್ತಿರವೂ ಇಲ್ಲ. ಅದು ಇರೋದು ನಿಮ್ಮ ದೇವರ ಮನೆ ಮೊಳೆಯಲ್ಲಿ. ಅದರ ಮೇಲೆ ವಿಭೂತಿ ಇದೆ. ಇನ್ನು, ಕೀ ತಿರುಗಿಸದೆ ಹತ್ತದ ದೀಪ ಈ ದೋಣಿಯಲ್ಲಿ ಒಂದಿದೆ."

ಅಷ್ಟಕ್ಕೆ ನಿಲ್ಲಿಸಿ ಅವರು ನೆಲ ನೋಡಿದರು. ಹೆಸರು ಹೇಳುವ ಮನಸ್ಸು ಅವರಿಗಿಲ್ಲವೆಂದು ದೇವಣ್ಣನಿಗೆ ಗೊತ್ತಾಯಿತು.

ಚನ್ನಾಜಮ್ಮ ಎದ್ದು ನಿಂತರು.

"ನಾನೇ ಕಣಪ್ಪ. ಎಣ್ಣೆದೀಪ ಬೇಡ ಅಂದ ಮಗ. ಸೋಮಾರ ಸಂಜೆ ಊವ ಇಟ್ಟು ಬಲ್ಬು ಅಚ್ಚಿ ಬತ್ತಿದ್ದೆ. ಉಂಡಾದ ಮ್ಯಾಲೆ ಓಗಿ ಆರಿಸ್ತಿದ್ದೆ. ನೀರ್ಮೇಲೆ ಓಡಾಡೋ ಈ ಮುನಿಯಂಗೆ ಏನೂ ಆಗ್ದಿರ್ಲಿ ಮಾದಪ್ಪಾ ಅಂತ ಬೇಡ್ಕೊಂಡೆ. ನಾನೇ ಅವನ್ನ ಮುಳುಗಿಸ್ತಿದ್ನಲ್ಲಾ."

ಮುದುಕಿ ಕೈಮುಗಿಯಲು ಹೋದಾಗ ಮುನಿಯ ಧಾವಿಸಿ ಆ ಕೈಗಳನ್ನು ಹಿಡಿದುಕೊಂಡ. "ಬ್ಯಾಡ ಕಣವ್ವ. ನೀನು ಕೇಳ್ಕಂಡಿದ್ಕೇ ನಾವೆಲ್ಲ ದಡ ಸೇರಿದ್ದು."

ಶಿವಪ್ರಕಾಶನ ಮುಖ ಕಪ್ಪಿಟ್ಟಿತ್ತು. "ಆ ಬಲ್ಬಿಗೆ ಬೇರೆ ಸ್ವಿಚ್ ಹಾಕಿಸ್ತೀನಿ," ಎಂದು ತೊದಲಿ, ಊರವರ ಎದುರಿಗೇ, "ತಪ್ಪಾಯ್ತು ಮುನಿಯ. ನಾಳೆಯಿಂದ ನೀನೇ ಬಿಡು," ಎಂದು ಕೀ ಚಾಚಿದ.

ಮುನಿಯ ಕೀ ತೆಗೆದುಕೊಳ್ಳಲಿಲ್ಲ. ಊದಿದ ತೋಳನ್ನು ಸವರಿಕೊಂಡ.

"ನಾಳೆ ಒಂದಿನ ನೀವೇ ಬಿಡಿ ಸಾ," ಎಂದ. "ಬ್ಯಾಟ್ರಿ ಇಳ್ದದೆ, ಅಗ್ಗ ಎಳೀಬೇಕಾಯ್ತದೆ. ನಾ ಮನೀಕತೀನಿ. ನಿದ್ದೆ ಮಾಡಿ ಬಾಳ ದಿನ ಆಯ್ತು."

ಪುಷ್ಪ ಅವನ ಒಳ್ಳೆಯ ಕೈ ಹಿಡಿದು ಮನೆಯ ಕಡೆ ನಡೆಸಿಕೊಂಡು ಹೋದಳು.