ನೋಡ್ಕೋತೀನಿ ಅಂದವನು

"ಏಯ್! ನಿಂತ್ಕೊಳ್ಳಿ ಅಲ್ಲೇ!"

ಗುಬ್ಬಿಯ ಕಾಲು ಕಬ್ಬಿಣದ ಮೆಟ್ಟಿಲಿಗೆ ಅಂಟಿಕೊಂಡಿತು. ಒಂದು ಕೈಯಲ್ಲಿ ಬಿಚ್ಚಿದ ಚಪ್ಪಲಿ, ಇನ್ನೊಂದರಲ್ಲಿ ಬ್ರೆಡ್ಡಿನ ಪೊಟ್ಟಣ. ವಸತಿಗೃಹದ ಹಿಂಬದಿಯ ಮೆಟ್ಟಿಲು ಅದು. ಸದ್ದಾಗದಂತೆ ಹತ್ತಬೇಕು ಅಂತ ಗೆಳತಿ 'ಬಾಸ್' ಹೇಳಿಕೊಟ್ಟಿದ್ದಳು. ಸಿಕ್ಕಿಬಿದ್ದರೆ ಏನು ಮಾಡಬೇಕು ಅಂತ ಹೇಳಿಕೊಟ್ಟಿರಲಿಲ್ಲ.

ಮುಸ್ಸಂಜೆಯ ಮಬ್ಬಿನಲ್ಲಿ, ಮೇಲಿನ ತಿರುವಿನಲ್ಲಿ ಒಬ್ಬ ನಿಂತಿದ್ದ. ಎತ್ತರದ ಆಳು. ಕೆಂಪು ಅಂಗಿ. ಕೊರಳಲ್ಲಿ ಸೀಟಿ.

'ಸೀಟಿ! ಕಾವಲುಗಾರನೇ ಇರಬೇಕು... ಮುಗೀತು ನನ್ನ ಕಥೆ!'

"ಮೇಲಿನ ರೂಮಿಗೆ ಇಬ್ಬರು ಅಂತ ಬರೆಸಿದ್ದಾರಲ್ಲ, ನೀವು ಮೂರನೆಯವರಾ?" ಅವನು ಒಂದೊಂದೇ ಮೆಟ್ಟಿಲು ಇಳಿದು ಬಂದ.

"ಅಲ್ಲ... ನಾನು... ಆ ಇಬ್ಬರಲ್ಲಿ ಒಬ್ಬಳು."

"ಹೌದಾ? ಆ ಇಬ್ಬರೂ ಈಗಷ್ಟೇ ಮುಂಬಾಗಿಲಿಂದ ಹತ್ತಿ ಹೋದ್ರಲ್ಲ!"

ಗುಬ್ಬಿಯ ಕೈಯಲ್ಲಿದ್ದ ಬ್ರೆಡ್ಡಿನ ಪೊಟ್ಟಣ ಚರಚರ ಸದ್ದು ಮಾಡತೊಡಗಿತು. ಕೈ ಅಷ್ಟು ನಡುಗುತ್ತಿತ್ತು. ಅವನು ಆ ಕೈಯನ್ನೇ ನೋಡಿದ. ಅವಳೋ, ಅವನ ಮುಖ ನೋಡಲಾಗದೆ ಭುಜ ನೋಡಿದಳು. ತೋಳಿನ ಹೊಲಿಗೆ ಬಿಟ್ಟಿತ್ತು. ಇಂಥ ಹೊತ್ತಿನಲ್ಲೂ ಕಣ್ಣು ಹೊಲಿಗೆಗೇ ಹೋಯಿತಲ್ಲ ಅಂತ ತನ್ನ ಮೇಲೆಯೇ ಸಿಟ್ಟು ಬಂತು.

ಅವನು ಅವಳ ಮುಂದಿನ ಮೆಟ್ಟಿಲನ್ನು ಬಿಟ್ಟು ಹತ್ತುವಂತೆ ಕೈಸನ್ನೆ ಮಾಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮೆಲ್ಲಗೆ ಹೇಳಿದ.

"ಹೋಗಿ. ನಿಮ್ಮನ್ನ ನಾನು ನೋಡ್ಕೋತೀನಿ."

ನೋಡ್ಕೋತೀನಿ!

ಗುಬ್ಬಿ ಹುಟ್ಟಿದಾಗಿನಿಂದ ಆ ಮಾತನ್ನು ಕೇಳಿದ್ದು ಒಂದೇ ಅರ್ಥದಲ್ಲಿ. ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕಾಲರ್ ಸೊಟ್ಟಗಾದರೆ ಮಾಲೀಕರು ಕಣ್ಣು ಕೆಂಪು ಮಾಡಿ, "ಇರು, ಸಂಜೆ ನಿನ್ನನ್ನ ನೋಡ್ಕೋತೀನಿ" ಅನ್ನುತ್ತಿದ್ದರು. ಅಕ್ಕನ ಮನೆಯಲ್ಲಿ, ಪಕ್ಕದವರ ಜೊತೆ ಜಗಳವಾದಾಗ ಭಾವ ತೋಳು ಮಡಚಿ, "ನೋಡ್ಕೋತೀನಿ ಅವನನ್ನ!" ಅಂತ ಕೂಗುತ್ತಿದ್ದ. ಆ ಮಾತಿನ ಹಿಂದೆ ಒಳ್ಳೆಯದು ಬಂದದ್ದನ್ನು ಅವಳು ಕಂಡೇ ಇರಲಿಲ್ಲ.

ಅವಳು ಓಡಿದಳು.

---

"ಬಾಸ್, ಬಾಗಿಲು ಹಾಕೇ! ಚಿಲಕ! ಚಿಲಕ ಹಾಕು! ಮೆಟ್ಟಿಲಲ್ಲಿ ಒಬ್ಬ ನನ್ನನ್ನ ನೋಡ್ಕೋತೀನಿ ಅಂದ!"

ಬಾಸ್ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಕುರ್ಚಿಯಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವವಳು. ನೋವಿನಿಂದ ಕೂಗುವವರನ್ನು ಸಾಲಾಗಿ ಕೂರಿಸಿ ಅಭ್ಯಾಸ. ಬೇಸಿಗೆ ರಜೆಗೆ ಶ್ರೀಮಂತರ ಕಡಲೂರುಗಳಿಗೆ ಹೋಗೋಣ, ಬಾಡಿಗೆ ಮಾತ್ರ ಹಿಂದಿನ ಬೀದಿಯದು ಕೊಡೋಣ, ಸಮುದ್ರ ಮುಂದಿನ ಬೀದಿಯದು ನೋಡೋಣ ಅಂತ ಹೊರಡಿಸಿದವಳೂ ಅವಳೇ. ಇಬ್ಬರ ರೂಮಿನಲ್ಲಿ ಮೂವರು ಅನ್ನುವುದೂ ಅವಳದೇ ತಲೆ.

"ಯಾರೋ ಏನೋ ಅಂದ್ರೆ ಹೀಗಾ ನಡುಗೋದು? ಹೆಸರಿಟ್ಟಿದ್ದಕ್ಕೂ ಸಾರ್ಥಕ ಮಾಡ್ತೀಯ ಕಣೇ ಗುಬ್ಬಿ!"

"ಕೆಳಗಿನ ಬೋರ್ಡ್ ಓದಿದ್ದೀಯಾ? ಹೆಚ್ಚಿಗೆ ಜನ ಸಿಕ್ಕರೆ ಪೊಲೀಸರಿಗೆ ಹೇಳ್ತೀವಿ ಅಂತಿದೆ! ನನ್ನ ಕೆಲಸ ಹೋಗುತ್ತೆ ಬಾಸ್..."

ಬಾಸ್‌ನ ನಗು ನಿಂತಿತು.

ಅದೊಂದು ಮಾತು ಮೂವರಿಗೂ ಗೊತ್ತಿತ್ತು. ಹಗಲೆಲ್ಲ ಅಂಗಡಿಯಲ್ಲಿ ಹೊಲಿದು, ಸಂಜೆ ತರಗತಿಗೆ ಹೋಗಿ ಓದಿ, ಗುಬ್ಬಿ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸುವ ಕೆಲಸಕ್ಕೆ ಆಯ್ಕೆಯಾಗಿದ್ದಳು. ಇವಳ ಮೇಲೆ ಯಾವ ದೂರೂ ಇಲ್ಲ ಅಂತ ಪೊಲೀಸರು ಬರೆದುಕೊಡುವುದೊಂದು ಬಾಕಿ. ಒಂದೇ ಒಂದು ದೂರು ಬಂದರೆ ಮತ್ತೆ ಅದೇ ಅಂಗಡಿ, ಅದೇ ಸೊಟ್ಟ ಕಾಲರ್, ಅದೇ 'ನೋಡ್ಕೋತೀನಿ'.

ಮಂಚದ ಮೇಲೆ ಅಡ್ಡಬಿದ್ದಿದ್ದ ನಿದ್ದೆಪುಟ್ಟಿ ಒಂದು ಕಣ್ಣು ತೆರೆದಳು. ಆಸ್ಪತ್ರೆಯ ರಾತ್ರಿಪಾಳಿಯ ನರ್ಸ್ ಅವಳು. ರಜೆ ಅಂದರೆ ನಿದ್ದೆ ಅಂತಲೇ ಬಂದಿದ್ದಳು.

"ಹೊರಗೆ ಏನೋ ಧೊಪ್ ಅಂತು..."

ಬಾಸ್ ಬಾಗಿಲು ಸರಿಸಿದಳು. ಹೊಸ್ತಿಲ ಮುಂದೆ ಸುರುಳಿ ಸುತ್ತಿದ ಹಾಸಿಗೆ, ಮೇಲೊಂದು ದಿಂಬು. ಕಾರಿಡಾರಿನಲ್ಲಿ ಯಾರೂ ಇಲ್ಲ.

"ಅಯ್ಯೋ! ಗೊತ್ತಾಗಿದೆ ಅವರಿಗೆ!" ಗುಬ್ಬಿ ಬಾಯಿ ಮುಚ್ಚಿಕೊಂಡಳು. "ಒಳಗೆ ತಗೊಂಡ್ರೆ ಮೂವರಿದ್ದೇವೆ ಅಂತ ಒಪ್ಪಿಕೊಂಡ ಹಾಗೆ. ಮುಟ್ಟಬೇಡ!"

"ನಮ್ಮನ್ನ ಹಿಡಿಯೋಕೆ ಹಾಸಿಗೆ ಇಡ್ತಾರಾ? ನಾವೇನು ಇಲಿಗಳಾ?" ಅಂದಳು ನಿದ್ದೆಪುಟ್ಟಿ. ಅಂದು ಮತ್ತೆ ನಿದ್ದೆ ಹೋದಳು.

ಆದರೂ ಹಾಸಿಗೆ ಹೊರಗೇ ಉಳಿಯಿತು. ಗುಬ್ಬಿ ದುಪಟ್ಟಾ ಹಾಸಿಕೊಂಡು ಬರಿ ನೆಲದ ಮೇಲೆ ಮಲಗಿದಳು. ಕಾರಿಡಾರಿನಲ್ಲಿ ಯಾರದಾದರೂ ಹೆಜ್ಜೆ ಕೇಳಿದರೆ ಉಸಿರು ಹಿಡಿಯುತ್ತಿದ್ದಳು.

---

ಮರುದಿನ ಕಡಲ ತೀರ ಚಿತ್ರಪಟದ ಹಾಗಿತ್ತು. ದೊಡ್ಡ ಹೋಟೆಲುಗಳ ಬಿಳಿ ಕೊಡೆಗಳು, ಕೊಡೆಗಳ ಕೆಳಗೆ ಮಲಗುವ ಕುರ್ಚಿಗಳು, ಕುರ್ಚಿಗಳ ಮೇಲೆ ಯಾವ ಚಿಂತೆಯೂ ಇಲ್ಲದ ಜನ. ಕೊಡೆಗೆ ಬಾಡಿಗೆ. ನೆರಳಿಗೂ ಬಾಡಿಗೆ! ಮೂವರೂ ಬಿಸಿಲಿನಲ್ಲಿ ಟವೆಲ್ ಹಾಸಿ ಬ್ರೆಡ್ಡು, ಬಾಳೆಹಣ್ಣು ಬಿಚ್ಚಿದರು.

ಆಗ ಗುಬ್ಬಿ ತಲೆಯೆತ್ತಿದಳು.

ಮರಳಿನ ಮೇಲೆ ನಿಲ್ಲಿಸಿದ ಎತ್ತರದ ಮರದ ಕುರ್ಚಿಯಲ್ಲಿ ಅವನು ಕೂತಿದ್ದ. ಅದೇ ಕೆಂಪು ಅಂಗಿ. ಕೈಯಲ್ಲಿ ದುರ್ಬೀನು. ಅದು ನೇರವಾಗಿ ಅವಳ ಕಡೆಗೇ ತಿರುಗಿತ್ತು!

"ಬಾಸ್... ಅವನೇ!"

"ಲೇ, ಅವನು ಲೈಫ್‌ಗಾರ್ಡ್ ಕಣೇ. ನೋಡೋದೇ ಅವನ ಕೆಲಸ."

'ಅಲ್ಲ. ಅವನು ನನ್ನನ್ನೇ ನೋಡ್ತಿದ್ದಾನೆ. ನೋಡ್ಕೋತೀನಿ ಅಂದಿದ್ದನಲ್ಲ...'

ಅವಳು ಎದ್ದಳು. ಅವನ ಕಣ್ಣಿಗೆ ಬೀಳಬಾರದು, ಅಷ್ಟೇ. ಕೊಡೆಗಳನ್ನು ದಾಟಿ, ಮಕ್ಕಳನ್ನು ದಾಟಿ, ಯಾರೂ ಇಲ್ಲದ ಬಂಡೆಗಳ ಕಡೆಗೆ ನಡೆದಳು. ಬಂಡೆಗಳ ನಡುವೆ ಕೋಲಿಗೆ ಕಟ್ಟಿದ ಕೆಂಪು ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಅಂಚಿನ ಹೊಲಿಗೆ ಚೆನ್ನಾಗಿದೆ ಅನಿಸಿತು. ನೀರಿಗಿಳಿಯಬೇಡಿ ಅನ್ನುವ ಅದರ ಅರ್ಥ ಅವಳಿಗೆ ಗೊತ್ತಿರಲಿಲ್ಲ.

ಬೆನ್ನ ಹಿಂದೆ ಸೀಟಿ ಕೂಗಿತು.

ತಿರುಗಿ ನೋಡಿದರೆ ಅವನು ಕುರ್ಚಿಯಿಂದ ಧುಮುಕಿ ಓಡಿಬರುತ್ತಿದ್ದ! ಕೈ ಬೀಸುತ್ತ, ಏನೋ ಅರಚುತ್ತ. ಗಾಳಿಗೆ ಮಾತು ಹರಿದುಹೋಗಿ ಒಂದೇ ಪದ ಕೇಳಿಸಿತು.

"...ನಿಂತ್ಕೊಳ್ಳಿ!"

ನಿನ್ನೆಯದೇ ದನಿ. ನಿನ್ನೆಯದೇ ಮಾತು.

ಗುಬ್ಬಿ ಓಡಿದಳು. ಬಂಡೆಯಿಂದ ಬಂಡೆಗೆ, ಕೊನೆಯ ಬಂಡೆಯಿಂದ ಮೊಣಕಾಲಷ್ಟೇ ಕಾಣುತ್ತಿದ್ದ ನೀರಿಗೆ... ಕಾಲ ಕೆಳಗಿನ ಮರಳು ಸರಕ್ಕನೆ ಜಾರಿತು.

ನೆಲ ಇರಲಿಲ್ಲ.

ಮೂಗಿಗೆ, ಬಾಯಿಗೆ, ಕಿವಿಗೆ ಉಪ್ಪು. ಒಂದು ಸಲ ಬಿಳಿ ಕೊಡೆಗಳು ಕಂಡವು, ಬಹಳ ದೂರದಲ್ಲಿ. ಮತ್ತೆ ಎಲ್ಲ ಹಸಿರು. ಯಾರೋ ಅವಳ ಕಾಲು ಹಿಡಿದು ಒಳಗೆಳೆಯುತ್ತಿರುವ ಹಾಗೆ. 'ಅಕ್ಕಾ...' ಅಂತ ಕೂಗಬೇಕೆಂದರೆ ಬಾಯಿ ತುಂಬ ನೀರು.

ಆಗ ಒಂದು ತೋಳು ಬಂದು ಅವಳನ್ನು ಬಳಸಿತು.

"ನನ್ನನ್ನ ಹಿಡ್ಕೊಳ್ಳಿ! ಹೊಡೀಬೇಡಿ ರೀ, ಹಿಡ್ಕೊಳ್ಳಿ!"

ಅವಳು ಕೈಗೆ ಸಿಕ್ಕಿದ್ದನ್ನು ಹಿಡಿದಳು. ಪರ್ರ್ ಅಂತ ಬಟ್ಟೆ ಹರಿಯಿತು. ಆದರೂ ಬಿಡಲಿಲ್ಲ.

ಮರಳಿನ ಮೇಲೆ ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟಾಗ ನಿದ್ದೆಪುಟ್ಟಿ ಅವಳ ನಾಡಿ ಹಿಡಿದು ಕೂತಿದ್ದಳು, ಕಣ್ಣಲ್ಲಿ ನಿದ್ದೆಯ ಗುರುತೇ ಇಲ್ಲ. ಬಾಸ್ ಗೊಳೋ ಅಂತ ಅಳುತ್ತಿದ್ದಳು. ಅವನು ಒಂದು ಮಾರು ದೂರದಲ್ಲಿ ಮಂಡಿಯೂರಿ ಏದುಸಿರು ಬಿಡುತ್ತಿದ್ದ.

"ಯಾಕ್ರೀ ಓಡಿದ್ರಿ? ನಿಲ್ಲಿ ಅಂದ್ರೆ ಯಾಕೆ ಓಡಿದ್ರಿ?"

ಸಿಟ್ಟಿನ ದನಿ. ಗುಬ್ಬಿ ಕಣ್ಣು ಮುಚ್ಚಿಕೊಂಡಳು.

---

ಅಂದು ಸಂಜೆ ಅವಳು ಮುಂಬಾಗಿಲಿನ ಮೆಟ್ಟಿಲಿಳಿದು ನೇರವಾಗಿ ವಸತಿಗೃಹದ ಯಜಮಾನಿಯ ಮೇಜಿನ ಮುಂದೆ ನಿಂತಳು. ನೀರಿನೊಳಗೆ ಅನುಭವಿಸಿದ ಭಯದ ಮುಂದೆ ಇದು ಸಣ್ಣದಿರಬೇಕು ಅಂತ ತನಗೆ ತಾನೇ ಹೇಳಿಕೊಂಡಿದ್ದಳು.

"ಅಮ್ಮಾ... ಮೇಲಿನ ರೂಮಿನಲ್ಲಿ ನಾನು ಮೂರನೆಯವಳು. ಕದ್ದು ಬಂದಿದ್ದೀನಿ. ಪೊಲೀಸರಿಗೆ ಹೇಳೋದಾದ್ರೆ ನನ್ನೊಬ್ಬಳ ಹೆಸರು ಹೇಳಿ."

ಯಜಮಾನಿ ಕನ್ನಡಕದ ಮೇಲಿಂದ ನೋಡಿದಳು.

"ಗೊತ್ತಲ್ಲಮ್ಮ. ನಿನ್ನೆ ನೀನು ಬಂದ ಕೂಡಲೇ ನನ್ನ ಅಕ್ಕನ ಮಗ ಹೇಳಿದ. 'ಚಿಕ್ಕಮ್ಮಾ, ಹಿಂದಿನ ಮೆಟ್ಟಿಲಲ್ಲಿ ಒಂದು ಹುಡುಗಿ ಗಡಗಡ ನಡುಗ್ತಾ ನಿಂತಿದ್ದಳು. ಆ ಮುರುಕು ಮೆಟ್ಟಿಲ ಮೇಲೆ ಕಾಲಿಡೋದ್ರಲ್ಲಿದ್ದಳು, ಕೂಗಿ ನಿಲ್ಲಿಸಿದೆ. ಏನೂ ಅನ್ನಬೇಡ' ಅಂದ. ಹೆಚ್ಚಿಗೆ ಹಾಸಿಗೆ ಇಲ್ಲ ಅಂದೆ. ತನ್ನದನ್ನೇ ಎತ್ಕೊಂಡು ಹೋಗಿ ನಿಮ್ಮ ಬಾಗಿಲಲ್ಲಿ ಇಟ್ಟ."

ಗುಬ್ಬಿ ಗೋಡೆಯ ಕಡೆ ತಿರುಗಿದಳು.

"ಮತ್ತೆ... ಆ ಬೋರ್ಡು?"

"ಅದಾ? ಅದರ ಹಿಂದೆ ಗೋಡೆ ಬಿರುಕು ಬಿಟ್ಟಿದೆ. ಅದನ್ನ ಮುಚ್ಚೋಕೆ ಅಷ್ಟು ದೊಡ್ಡ ಬೋರ್ಡ್ ಬೇಕಿತ್ತು, ಬರೆಸೋಕೆ ಬೇರೆ ಏನೂ ತೋಚಲಿಲ್ಲ."

ಗುಬ್ಬಿ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

'ಕೂಗಿದ್ದು ಮೆಟ್ಟಿಲಿಗಾಗಿ. ನೋಡಿದ್ದು ನೀರಿಗಾಗಿ. ನೋಡ್ಕೋತೀನಿ ಅಂದದ್ದು... ಅಯ್ಯೋ ದೇವರೇ, ಅದಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ! ಅದು ನನ್ನ ತಲೆಗೇ ಬರಲಿಲ್ಲವಲ್ಲ!'

---

ಅವನು ಕುರ್ಚಿಯ ಕಾಲಿಗೆ ಒರಗಿ ಮರಳಿನಲ್ಲಿ ಕೂತಿದ್ದ. ಕೊಡೆಗಳನ್ನೆಲ್ಲ ಮಡಚಿದ್ದರು. ಅಂಗಿಯ ತೋಳು ಭುಜದಿಂದ ಜೋತಾಡುತ್ತಿತ್ತು.

"ಬಿಚ್ಚಬೇಡಿ, ಹಾಗೇ ಕೂತಿರಿ." ಗುಬ್ಬಿ ಚೀಲದಿಂದ ಸೂಜಿದಾರ ತೆಗೆದಳು.

ಅವನು ಬೆರಗಾದ. "ರಜೆಗೂ ಸೂಜಿ ತರ್ತೀರಾ?"

"ಸೂಜಿ ಕೈಯಲ್ಲಿದ್ರೆ ಮಾತ್ರ ನನ್ನ ಕೈ ನಡುಗಲ್ಲ."

ನಿಜಕ್ಕೂ ನಡುಗಲಿಲ್ಲ.

"ನೋಡ್ಕೋತೀನಿ ಅಂದ್ರಲ್ಲ," ಅವಳು ಹೊಲಿಗೆಯಿಂದ ಕಣ್ಣೆತ್ತದೆ ಹೇಳಿದಳು. "ಅದನ್ನ ನಾನು ಬೆದರಿಕೆ ಅಂದ್ಕೊಂಡೆ. ಅದಕ್ಕೇ ಓಡಿದೆ."

ಅವನು ಥಟ್ಟನೆ ತಿರುಗಿದ. ಸೂಜಿ ಚುಚ್ಚಿತು.

"ಆಯ್! ಅಂದ್ರೆ... ನನ್ನಿಂದಾನಾ ನೀವು ನೀರಿಗೆ ಬಿದ್ದಿದ್ದು?"

"ಅಲ್ಲಾಡಬೇಡಿ. ನನ್ನ ಭಯದಿಂದ ಬಿದ್ದಿದ್ದು."

ಅವನ ಮುಖ ಬಿಳಿಚಿತ್ತು. "ಸಮುದ್ರದಿಂದ ಎಷ್ಟೋ ಜನರನ್ನ ಎತ್ತಿದ್ದೀನಿ. ಕೈ ನಡುಗಿದ್ದು ಇವತ್ತೇ ಮೊದಲು. ನಿಮ್ಮ ತಲೆ ಮುಳುಗಿ ಮೇಲೆ ಬರಲಿಲ್ಲ ನೋಡಿ... ಆಗ..." ಅವನು ನೀರಿನ ಕಡೆ ನೋಡಿದ. "ದಂಡೆಗೆ ಬಂದ ಮೇಲೆ ಕೂಗಾಡಿದೆ. ತಪ್ಪಾಯ್ತು. ಸಿಟ್ಟಲ್ಲ ಅದು. ಭಯ."

ಗುಬ್ಬಿಯ ಕೈ ನಿಂತಿತು.

'ಇಷ್ಟು ಎತ್ತರದ ಮನುಷ್ಯನಿಗೂ ಭಯ ಆಗುತ್ತಾ? ಅದೂ... ನನಗಾಗಿ?'

"ಆ ಹಾಸಿಗೆ ನಿಮ್ಮದಂತೆ. ನೀವು ಎಲ್ಲಿ ಮಲಗಿದ್ರಿ?"

"ಕೆಳಗಿನ ಬೆಂಚಿನ ಮೇಲೆ. ನಿಮಗಾದ್ರೂ ನಿದ್ದೆ ಬಂತಾ?"

"ನಾನು ಅದನ್ನ ಮುಟ್ಟಲೇ ಇಲ್ಲ! ನೆಲದ ಮೇಲೆ ಮಲಗಿದ್ದೆ!"

"ಮತ್ತೆ ಹಾಸಿಗೆ?"

"ಕಾರಿಡಾರಿನಲ್ಲಿ ಅದೊಂದೇ ಹಾಯಾಗಿ ಮಲಗಿತ್ತು."

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಇಬ್ಬರೂ ನೋಟ ತಪ್ಪಿಸಲಿಲ್ಲ.

"ನಾಳೆ ಮುಂದಿನ ಊರಿಗೆ ಹೋಗ್ತೀರಂತೆ. ನಿಮ್ಮ ಬಾಸ್ ಹೇಳಿದ್ರು." ಅವನ ದನಿ ತಗ್ಗಿತು. "ಅಲ್ಲೂ ಬಂಡೆಗಳಿವೆ. ಕೆಂಪು ಬಾವುಟ ಇದ್ದ ಕಡೆ ಹೋಗಬೇಡಿ. ಅಲ್ಲಿ ಕುರ್ಚಿ ಮೇಲೆ ನಾನಿರಲ್ಲ... ನನಗೆ ನಾಳೆಯಿಂದ ಅದೇ ಭಯ. ನೀವು ಎಲ್ಲಿದ್ದೀರೋ, ಹೇಗಿದ್ದೀರೋ ಅಂತ. ಇದನ್ನ ಏನಂತಾರೋ ನನಗೆ ಗೊತ್ತಿಲ್ಲ. ಹೇಳದೆ ಇರೋಕಾಗಲಿಲ್ಲ."

ಗುಬ್ಬಿಯ ಎದೆ ಹೊಡೆದುಕೊಳ್ಳುತ್ತಿತ್ತು. ಇದೂ ಭಯವೇ. ಆದರೆ ಈ ಭಯದಿಂದ ಓಡಬೇಕು ಅನಿಸಲಿಲ್ಲ.

"ಬಾಸ್‌ಗೆ ಹೇಳಿದ್ದೀನಿ," ಅಂದಳು ಮೆಲ್ಲಗೆ. "ಮುಂದಿನ ಊರು ಬೇಡ, ಉಳಿದ ರಜೆ ಇಲ್ಲೇ ಅಂತ. ನಿಮ್ಮ ಚಿಕ್ಕಮ್ಮನ ಹತ್ತಿರ ಮೂವರು ಅಂತ ಬರೆಸಿ ಬಂದಿದ್ದೀನಿ. ರಜೆ ಮುಗಿದ ಮೇಲೆ... ನಮ್ಮೂರಿಗೂ ಬಸ್ಸಿದೆ. ನಮ್ಮಕ್ಕ ಮೊದಲು ಬೈತಾಳೆ, ಆಮೇಲೆ ಊಟಕ್ಕೆ ಹಾಕ್ತಾಳೆ."

ಈಗ ನಡುಗುತ್ತಿದ್ದದ್ದು ಅವನ ಕೈ!

ಗುಬ್ಬಿ ಗಂಟು ಹಾಕಿ, ಬಗ್ಗಿ ಅವನ ಭುಜದ ಹತ್ತಿರ ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ ಆ ನಡುಗುವ ಕೈಯ ಮೇಲೆ ತನ್ನ ಕೈ ಇಟ್ಟಳು.

"ಹೆದರಬೇಡಿ ರೀ. ನಿಮ್ಮನ್ನ ನಾನು ನೋಡ್ಕೋತೀನಿ."

ಅವನು ಕಣ್ಣರಳಿಸಿದ. "ಬೆದರಿಕೆನಾ?"

"ಹೂಂ. ಓಡ್ತೀರಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ನಿಂತ್ಕೋತೀನಿ. ಇಲ್ಲೇ."